ಸೈಲೆನ್ಸರ್ ಬಿದ್ದಿದೆ, ಅಳಿಯಂದಿರೇ

ಮಾರ್ಚ್ 3, ಸೋಮವಾರ

ಹೆಂಡತಿ ಏಳು ವಾರದ ತರಬೇತಿಗೆಂದು ಬೇರೆ ಊರಿಗೆ ಹೋಗಿ ಸರಿಯಾಗಿ ಒಂದು ದಿನವಾಗಿದೆ. ಅಷ್ಟರಲ್ಲೇ ಅವಳ ತಾಯಿ, ಅಂದರೆ ನಮ್ಮ ಅತ್ತೆಯವರು, ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾರೆ. ಜಾರಿದ್ದು ಅವರದೇ ಶೆಡ್ಡಿನಲ್ಲಿ, ಅವರೇ ಚೆಲ್ಲಿದ್ದ ಆಯಿಲಿನ ಮೇಲೆ. ಡಾಕ್ಟರು ಪ್ಲಾಸ್ಟರ್ ಹಾಕಿ ಆರು ವಾರ ಎಂದರು. ಅತ್ತೆಯವರು ಮೂರು ವಾರಕ್ಕೆ ಚೌಕಾಸಿ ಮಾಡಿ ಸೋತರು.

ಅತ್ತೆಯವರ ಕಸುಬು ಮೋಟಾರ್ ಸೈಕಲ್ ರಿಪೇರಿ. ಅದರಲ್ಲೂ ಮುಖ್ಯವಾಗಿ ಸೈಲೆನ್ಸರ್ ಮತ್ತು ಕಾರ್ಬುರೇಟರ್. ಪೆಟ್ರೋಲ್ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ, ಇವೆರಡೂ ನೆಟ್ಟಗಿದ್ದರೆ ಮಿಕ್ಕಿದ್ದು ತಾನಾಗಿ ಓಡುತ್ತದೆ ಎಂಬುದು ಅವರ ನಂಬಿಕೆ. ಕೆಲಸ ಕಲಿತದ್ದು ಮಾವನವರಿಂದ. ಅವರು ಹೋಗಿ ಹನ್ನೆರಡು ವರ್ಷವಾಯಿತು. ಅಂದಿನಿಂದ ಶೆಡ್ಡಿನಲ್ಲಿ ಇವರು ಒಬ್ಬರೇ.

ನನ್ನ ಕಸುಬು ಅಚ್ಚಿಗೆ ಹೋಗುವ ಪುಟಗಳ ಕರಡು ತಿದ್ದುವುದು. ಅಂದರೆ, ಆಗಿತ್ತು. ಜನವರಿಯಲ್ಲಿ ಪ್ರೆಸ್ಸು ಬಾಗಿಲು ಹಾಕಿತು. ಅತ್ತೆಯವರಿಗೆ ನಾನು ರಜೆಯ ಮೇಲಿದ್ದೇನೆಂದು ಹೇಳಲಾಗಿದೆ. ಎರಡು ತಿಂಗಳ ರಜೆಯನ್ನು ಯಾವ ಪುಣ್ಯಾತ್ಮ ಕೊಡುತ್ತಾನೆಂದು ಅವರು ಕೇಳಿಲ್ಲ. ದೊಡ್ಡವರು.

ನಾವು ಗಂಡ ಹೆಂಡಿರು ಮಹಡಿಯಲ್ಲಿ, ಅವರು ಕೆಳಗೆ. ಮದುವೆಯಾಗಿ ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ನಾನೂ ಅತ್ತೆಯವರೂ ಆಡಿದ ಮಾತನ್ನೆಲ್ಲ ಅಚ್ಚು ಹಾಕಿಸಿದರೆ ಎಂಟು ಪುಟ ದಾಟಲಾರದು. "ಊಟ ಆಯ್ತಾ ಅಳಿಯಂದಿರೇ?" "ಆಯ್ತು ಅತ್ತೆ, ನಿಮ್ಮದು?" ಆಮೇಲೆ ಅದೇ ಮರುಮುದ್ರಣ.

ಸಂಜೆ ಅವರು ಮಹಡಿ ಮೆಟ್ಟಿಲ ಬುಡದಲ್ಲಿ ನಿಂತು ಕೆಮ್ಮಿದರು. "ಅಳಿಯಂದಿರೇ, ತಪ್ಪು ತಿಳ್ಕೋಬೇಡಿ. ಐದು ಗಾಡಿ ಬಿಚ್ಚಿಟ್ಟಿದೀನಿ. ಆರು ವಾರ ಬಾಗಿಲು ಹಾಕಿದ್ರೆ ಬರೋರು ಬೇರೆ ಕಡೆ ದಾರಿ ನೋಡ್ಕೋತಾರೆ. ಹೇಗೂ ನಿಮಗೆ ರಜೆ. ಕೈ ನಿಮ್ಮದು, ಮಾತು ನಂದು. ಆಗುತ್ತಾ?"

ಆಗುತ್ತದೆ ಎಂದೆ. ಯಾಕೆ ಹಾಗೆಂದೆನೋ ತಿಳಿಯದು.

ಮಾರ್ಚ್ 5, ಬುಧವಾರ

ಅತ್ತೆಯವರ ಕೈಗೆ ಎಲ್ಲ ಗೊತ್ತು, ಬಾಯಿಗೆ ಏನೂ ಗೊತ್ತಿಲ್ಲ.

"ಅಳಿಯಂದಿರೇ, ಅದನ್ನ ಹಿಡ್ಕೊಂಡು ಇದನ್ನ ಹೀಗೆ ಮಾಡಿ."

"ಯಾವುದನ್ನ ಅತ್ತೆ?"

"ಅದೇ, ಅದರ ಪಕ್ಕದ್ದು."

"ಯಾವುದರ ಪಕ್ಕ?"

"ಇದರ."

ಸರ್ವನಾಮಗಳಿಗೆ ನಾಮಪದ ಬೇಕೆಂದು ನಾನು ವಿನಯದಿಂದ ಕೇಳಿಕೊಂಡೆ. ಅವರು ವಿನಯದಿಂದಲೇ ನನ್ನನ್ನು ನೋಡಿದರು. ಇಪ್ಪತ್ತು ನಿಮಿಷದಲ್ಲಿ ಒಂದು ನಟ್ಟು ಬಿಚ್ಚಿದೆ. ಅದೂ ಬಿಚ್ಚಬಾರದ ನಟ್ಟು.

ಮಧ್ಯಾಹ್ನ ಅವರು ಮಲಗಿದ್ದಾಗ ಶೆಡ್ಡಿಗೆ ಉಪಕಾರವಾಗಲೆಂದು ಡಬ್ಬಿಗಳಲ್ಲಿದ್ದ ಸಾಮಾನನ್ನೆಲ್ಲ ಸುರಿದು ವಿಂಗಡಿಸಿ, ಚೀಟಿ ಅಂಟಿಸಿ, ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದೆ. ಕ್ಲಿಪ್ಪು, ಗ್ಯಾಸ್ಕೆಟ್, ಜೆಟ್, ನಟ್ಟು, ಬೋಲ್ಟು, ವಾಷರ್. ಎದ್ದು ಬಂದ ಅತ್ತೆಯವರು ಒಂದೊಂದೇ ಡಬ್ಬಿಯ ಚೀಟಿ ಓದಿದರು. ಆಮೇಲೆ, "ತುಂಬಾ ಚೆನ್ನಾಗಿ ಮಾಡಿದೀರ. ಒಂದು ಬಂಡಿಯ ನಟ್ಟೂ ಬೋಲ್ಟೂ ಒಂದೇ ಡಬ್ಬೀಲಿ ಇರ್ತಿತ್ತು. ಐದು ಬಂಡಿ, ಐದು ಡಬ್ಬಿ. ಈಗ ಯಾವುದು ಯಾರದ್ದು ಅಂತ ದೇವರಿಗೇ ಗೊತ್ತು," ಎಂದು ಒಳಗೆ ಹೋದರು. ಒಳಗಿಂದ ಪಾತ್ರೆ ಬಿದ್ದ ಸದ್ದು ಕೇಳಿತು. ಎಡಗೈಯಲ್ಲಿ ಎಸೆದಿದ್ದರೂ ಎಸೆದಿರಬಹುದು.

ಮಾರ್ಚ್ 8, ಶನಿವಾರ

ಇಂದು ಹಾಲಿನವನ ಬೈಕಿಗೆ ಹೊಸ ಸೈಲೆನ್ಸರ್ ಕೂಡಿಸಿದೆ.

ಅತ್ತೆಯವರ 'ಅದು ಇದು' ನಂಬಿಕೊಂಡರೆ ಆಗದೆಂದು ಶೆಡ್ಡಿನ ಅಟ್ಟದಲ್ಲಿದ್ದ ಹಳೆಯ ರಿಪೇರಿ ಕೈಪಿಡಿಯೊಂದನ್ನು ಹುಡುಕಿ ತೆಗೆದೆ. ರಟ್ಟು ಹೋಗಿದೆ, ಮೊದಲ ಕೆಲವು ಹಾಳೆ ಅಂಟಿಕೊಂಡಿವೆ, ಆದರೆ ಭಾಷೆ ಸ್ಪಷ್ಟ. ಇಂಜಿನ್ನಿನ ಬಾಯಿಗೆ ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ ಬಳೆ ಇಡುವುದು, ಸೈಲೆನ್ಸರಿನ ಮುಂತುದಿಯ ಬೆಂಡ್ ಪೈಪನ್ನು ಅದಕ್ಕೆ ಒತ್ತಿ ಎರಡು ನಟ್ಟು ಕೈಯಲ್ಲೇ ಹತ್ತಿಸುವುದು, ಹಿಂದಿನ ಬೋಲ್ಟಿಗೆ ಸೈಲೆನ್ಸರ್ ತೂಗುಹಾಕುವುದು. ಹನ್ನೆರಡನೆಯ ಸೂಚನೆ: "ಕೊನೆಯಲ್ಲಿ ಎಲ್ಲ ನಟ್ಟುಗಳನ್ನೂ ಪೂರ್ಣವಾಗಿ ಬಿಗಿಗೊಳಿಸದಿರಿ."

ಅತ್ತೆಯವರು, "ಬಿಗಿ ಆಯ್ತಾ ಅಳಿಯಂದಿರೇ?" ಎಂದಾಗ, "ಪುಸ್ತಕದಲ್ಲಿ ಇರೋ ಹಾಗೇ ಮಾಡಿದೀನಿ ಅತ್ತೆ," ಎಂದೆ. ಓದಿದ ಅಳಿಯನ ಮೇಲಿನ ಗೌರವದಿಂದ ಅವರು ಸುಮ್ಮನಾದರು.

ಹಾಲಿನವನು ಹತ್ತಿ ಹೊರಟ. ರಸ್ತೆಯ ತಿರುವಿನವರೆಗೆ ಚೆನ್ನಾಗಿಯೇ ಹೋಯಿತು. ಅಲ್ಲಿ ಒಮ್ಮೆಲೇ ಯುದ್ಧ ಶುರುವಾದಂಥ ಸದ್ದು, ಅದರ ಹಿಂದೆಯೇ ಕಬ್ಬಿಣ ಉರುಳುವ ಸದ್ದು, ಆಮೇಲೆ ಹಾಲಿನ ಕ್ಯಾನು ಉರುಳುವ ಸದ್ದು.

ಅತ್ತೆಯವರು ಕುರ್ಚಿಯಿಂದ ಏಳಲಿಲ್ಲ. ಕಣ್ಣು ಮುಚ್ಚಿಕೊಂಡು, ಒಂದೊಂದೇ ಶಬ್ದ ಆರಿಸಿ ಹೇಳಿದರು: "ಸೈಲೆನ್ಸರ್ ಬಿದ್ದಿದೆ ಅನ್ಸುತ್ತೆ, ಅಳಿಯಂದಿರೇ. ಸ್ವಲ್ಪ ಹೋಗಿ ನೋಡ್ತೀರಾ?"

ಮಾರ್ಚ್ 9, ಭಾನುವಾರ

ಬೆಳಗಿನಿಂದ ಆ ಕೈಪಿಡಿಯ ಮೇಲೆ ಸಿಟ್ಟು. 'ಬಿಗಿಗೊಳಿಸಿರಿ' ಎಂದಿರಬೇಕಾದಲ್ಲಿ ಒಂದು 'ದ' ನುಸುಳಿದೆ. ಒಂದು ಅಕ್ಷರಕ್ಕೆ ಇಪ್ಪತ್ತು ಲೀಟರ್ ಹಾಲು ಚರಂಡಿಗೆ. ಇಂಥ ಪುಸ್ತಕದ ಕರಡು ತಿದ್ದಿದ ಮಹಾನುಭಾವನನ್ನು ಹುಡುಕಿ ಒಂದು ಪತ್ರ ಬರೆಯಬೇಕೆಂದು, ಅಂಟಿಕೊಂಡಿದ್ದ ಹಾಳೆಗಳನ್ನು ಆವಿ ಹಿಡಿದು ಬಿಡಿಸಿದೆ.

ನಮ್ಮದೇ ಪ್ರೆಸ್ಸು. ಹದಿನಾಲ್ಕು ವರ್ಷದ ಹಿಂದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಕರಡು ಪರಿಶೀಲನೆ' ಎಂದು ಒಂದು ಹೆಸರಿದೆ. ಆ ಹೆಸರಿನವನನ್ನು ಹುಡುಕುವ ಅಗತ್ಯವಿಲ್ಲ.

ಈ ವಿಷಯ ಅತ್ತೆಯವರಿಗೆ ಹೇಳಿಲ್ಲ. ಹಾಳೆಗಳನ್ನು ಮತ್ತೆ ಅಂಟಿಸಿದೆ.

ಮಾರ್ಚ್ 13, ಗುರುವಾರ

ಸೈಲೆನ್ಸರ್ ಬಿಸಿ ಇರುತ್ತದೆ. ಇಂಜಿನ್ ಆಫ್ ಆದ ಮೇಲೂ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 17, ಸೋಮವಾರ

ಇಂದು ನನ್ನ ಮಟ್ಟಿಗೆ ದೊಡ್ಡ ದಿನ. ಕಾರ್ಬುರೇಟರ್ ಬಿಚ್ಚಿ ತೊಳೆದು ಮತ್ತೆ ಕೂಡಿಸಿದೆ, ಮತ್ತು ಕೊನೆಗೆ ಒಂದೇ ಒಂದು ವಾಷರ್ ಮಿಕ್ಕಿತು.

ಗಾಡಿ ನರ್ಸಮ್ಮನದು. ಗುಡ್ಡದ ಮೇಲಿನ ಮನೆಗಳಿಗೆ ಹೆರಿಗೆಗೆ ಹೋಗುವ ನರ್ಸು ಈಕೆ. ಈಕೆಯ ಬೈಕು ನಿಂತರೆ ಗುಡ್ಡದ ಬಸುರಿಯರಿಗೆಲ್ಲ ಎದೆ ಢವಢವ. ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಎಂದು ತಂದಿಟ್ಟಿದ್ದರು. ಅತ್ತೆಯವರು ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಬರೆದುಕೊಂಡು ಮಾಡಿದೆ. ಮೊದಲು ಟ್ಯಾಂಕಿನ ಕೆಳಗಿನ ಟ್ಯಾಪು ಮುಚ್ಚಬೇಕು. ಕಾರ್ಬುರೇಟರಿನ ತಳದ ಬಟ್ಟಲಲ್ಲಿ ಕೂತ ಕಸ ಒರೆಸಬೇಕು. ಪೆಟ್ರೋಲ್ ಚಿಮ್ಮುವ ಜೆಟ್ಟಿನ ಸೂಜಿಗಾತ್ರದ ತೂತಿಗೆ ತಂತಿ ಹಾಕಿ ಕೆದಕಬಾರದು, ಗಾಳಿ ಊದಬೇಕು. ನಾನು ತಂತಿ ಎತ್ತಿಕೊಂಡಿದ್ದೆ. "ಅಳಿಯಂದಿರೇ, ಅದನ್ನ ದಯವಿಟ್ಟು ಕೆಳಗಿಡಿ" ಎಂದರು. ಹಲ್ಲು ಕಚ್ಚಿಕೊಂಡು ಗೌರವ ಕೊಡುವುದು ಹೇಗೆಂದು ಅವರಿಂದ ಕಲಿಯಬೇಕು.

ಆಮೇಲೆ ಅವರಿಗೆ ಕೈನೋವು ಹೆಚ್ಚಾಗಿ ಒಳಗೆ ಮಲಗಿದರು. ಹಳೆಯ ಪೆಟ್ರೋಲ್ ಪೈಪು ಬಿರುಕು ಬಿಟ್ಟಿದ್ದರಿಂದ ಹೊಸದನ್ನು ನಾನೇ ಹಾಕಿದೆ. ಧಾರಾಳವಾಗಿ ಉದ್ದ ಬಿಟ್ಟು, ಒಂದು ಒಳ್ಳೆಯ ಬಳುಕು ಕೊಟ್ಟು, ಎರಡೂ ತುದಿಗೆ ಕ್ಲಿಪ್ಪು ಹಾಕಿದೆ. ನೋಡಲು ಬಹಳ ಚೆಂದ. ಸಂಜೆ ನರ್ಸಮ್ಮ ಒದ್ದರು, ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಹೆಂಡತಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಅವಳು ನಡುವೆ ಎರಡು ಸಲ ಆಕಳಿಸಿದಳು, ಆದರೂ ವಿವರಿಸಿದೆ.

ಮಾರ್ಚ್ 19, ಬುಧವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬಾರದು.

ಬೆಳಿಗ್ಗೆ ನರ್ಸಮ್ಮ ಬೈಕನ್ನು ತಳ್ಳಿಕೊಂಡು ಬಂದರು. ಸೀರೆಯ ಅಂಚೆಲ್ಲ ಕೆಂಪು ಧೂಳು. ನೆನ್ನೆ ಗುಡ್ಡದ ಅರ್ಧದಲ್ಲಿ ಗಾಡಿ ನಿಂತುಹೋಯಿತಂತೆ. ಚೀಲ ಹೊತ್ತು ಮೂರು ಮೈಲಿ ನಡೆದು ಹತ್ತಿದ್ದಾರೆ.

"ಮಗು ನನಗಿಂತ ಹತ್ತು ನಿಮಿಷ ಮುಂಚೆ ಬಂದಿತ್ತು," ಎಂದರು. "ಅವರಜ್ಜಿ ಹಿಡ್ಕೊಂಡಿದ್ಲು. ತಾಯಿ ಮಗು ಇಬ್ಬರೂ ಚೆನ್ನಾಗಿದಾರೆ. ಚೆನ್ನಾಗಿಲ್ದೇ ಇದ್ದಿದ್ರೆ? ಹೇಳಿ ಅಕ್ಕ, ಚೆನ್ನಾಗಿಲ್ದೇ ಇದ್ದಿದ್ರೆ ನಾನು ಯಾರ ಮುಖ ನೋಡ್ಲಿ?"

ಆಮೇಲೆ ನನ್ನ ಕಡೆ ತಿರುಗಿದರು. ನಾನು ಸ್ಪ್ಯಾನರ್ ನೋಡುತ್ತ ನಿಂತಿದ್ದೆ.

ಅತ್ತೆಯವರು ಎದ್ದು ನಡುವೆ ಬಂದರು. "ತಪ್ಪು ನಂದು ನರ್ಸಮ್ಮ. ಕೂಡಿಸಿದ ಮೇಲೆ ನಾನು ಬಂದು ನೋಡ್ಬೇಕಿತ್ತು, ನೋಡ್ಲಿಲ್ಲ. ಅಳಿಯಂದಿರಿಗೆ ಒಂದು ಮಾತು ಅನ್ಬೇಡಿ. ನನಗೆ ಎಷ್ಟು ಬೇಕಾದ್ರೂ ಅನ್ನಿ."

ನರ್ಸಮ್ಮ ಬೈಕನ್ನು ಅಲ್ಲೇ ಬಿಟ್ಟು ಹೋದರು. ಗೇಟು ಹಾಕಿದ ಸದ್ದಾಯಿತು. ಅತ್ತೆಯವರು ನನ್ನ ಕಡೆ ತಿರುಗಿದರು.

"ಬಾ ಇಲ್ಲಿ. ಬಗ್ಗಿ ನೋಡು. ಪೈಪು ಯಾಕೆ ಇಷ್ಟುದ್ದ ಬಿಟ್ಟೆ? ಚೆಂದ ಕಾಣ್ಲಿ ಅಂತಾನಾ? ಇದೇನು ಕತ್ತಿನ ಸರಾನಾ? ಜೋತುಬಿದ್ದು ಬಿಸಿ ಇಂಜಿನ್ನಿಗೆ ತಾಗಿ, ಮೆತ್ತಗಾಗಿ ಮಡಚ್ಕೊಂಡಿದೆ. ಗುಡ್ಡ ಹತ್ತೋವಾಗ ಇಂಜಿನ್ ಇನ್ನಷ್ಟು ಪೆಟ್ರೋಲ್ ಕೊಡು ಅಂತ ಬಾಯಿ ಬಿಡುತ್ತೆ, ನೀನು ಅದರ ಗಂಟಲು ಹಿಸುಕಿಟ್ಟಿದೀಯ. ಪೈಪು ಕರಗಿ ಬೆಂಕಿ ಹತ್ತಿದ್ರೆ? ಆ ಹೆಂಗಸು ಒಬ್ಬಳೇ, ಗುಡ್ಡದ ಮೇಲೆ! ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ಬೇಕು. ನಾನೇನು ಸತ್ತುಹೋಗಿದ್ನಾ? ಒಳಗೆ ಮಲಗಿದ್ದೆ. ಎಬ್ಬಿಸೋಕೇನು ರೋಗ ನಿಂಗೆ?"

ಅರ್ಧ ಗಂಟೆ ಬೈದರು. ಒಂದು ಮಾತೂ ಸುಳ್ಳಿರಲಿಲ್ಲ. 'ಮಡಚಿಕೊಂಡಿದೆ' ಎನ್ನುವುದರ ಬದಲು 'ಮಡಚ್ಕೊಂಡಿದೆ' ಎಂದದ್ದು ಬಿಟ್ಟರೆ ತಿದ್ದುವಂಥದ್ದೂ ಇರಲಿಲ್ಲ.

ಮಾರ್ಚ್ 20, ಗುರುವಾರ

ಕೆಳಗೆ ಇಳಿಯುವುದಿಲ್ಲವೆಂದು ನಿಶ್ಚಯಿಸಿದೆ. ಅಕ್ಷರ ತಪ್ಪಾದರೆ ಹಾಲು ಚೆಲ್ಲುತ್ತದೆ, ಪೈಪು ತಪ್ಪಾದರೆ ಜೀವ ಹೋಗುತ್ತದೆ. ನನ್ನಂಥವನು ಎರಡರಿಂದಲೂ ದೂರ ಇರುವುದು ಲೋಕಕ್ಕೆ ಕ್ಷೇಮ.

ಹತ್ತು ಗಂಟೆಗೆ ಮೆಟ್ಟಿಲ ಬುಡದಿಂದ ಅತ್ತೆಯವರು ಕೂಗಿದರು. "ಇಳಿದು ಬಾ, ಟೀ ಆರ್ತಿದೆ. ಮುಖ ಊದಿಸ್ಕೊಂಡು ಕೂತ್ರೆ ಆ ಪೈಪನ್ನ ಯಾರು ಬದಲಾಯಿಸ್ತಾರೆ, ನಿಮ್ಮಪ್ಪನಾ?"

ಇಳಿದೆ. ಗೇಣುದ್ದದ ಪೈಪು ಕತ್ತರಿಸಿ, ಮೇಲಿಂದ ಕೆಳಕ್ಕೆ ಸಲೀಸಾಗಿ ಇಳಿಯುವಂತೆ, ಇಂಜಿನ್ನಿಗೆ ಎರಡು ಬೆರಳು ದೂರದಲ್ಲಿ ಹಾಕಿದೆ. ನಾಲ್ಕು ಸಲ ಬಿಚ್ಚಿಸಿದರು. ಐದನೆಯ ಸಲ "ಹೂಂ" ಎಂದರು. ನರ್ಸಮ್ಮ ಗಾಡಿ ಒಯ್ದರು. ನನ್ನ ಮುಖ ನೋಡಲಿಲ್ಲ.

ಮಾರ್ಚ್ 28, ಶುಕ್ರವಾರ

ಎಂಟು ದಿನ ಬರೆಯಲು ಪುರುಸೊತ್ತೇ ಆಗಲಿಲ್ಲ. ಹನ್ನೊಂದು ಗಾಡಿ.

ಇಂದು ತುಕ್ಕು ಹಿಡಿದ ಸೈಲೆನ್ಸರ್ ಒಂದನ್ನು ಬಿಚ್ಚುವಾಗ ಅತ್ತೆಗೂ ನನಗೂ ಜಗಳ. ನಟ್ಟು ಅಲುಗಲಿಲ್ಲ. ಜೋರಾಗಿ ತಿರುಗಿಸು ಎಂದರು. ಜೋರು ಮಾಡಿದರೆ ಬೋಲ್ಟು ಇಂಜಿನ್ನಿನ ಒಳಗೇ ಮುರಿಯುತ್ತದೆ, ಆಯಿಲ್ ಬಿಟ್ಟು ಊಟ ಮಾಡಿ ಬರೋಣ ಎಂದೆ. "ನಂಗೇ ಹೇಳ್ಕೊಡ್ತೀಯಾ?" ಎಂದರು. "ನೀವೇ ಮಂಗಳವಾರ ಹೇಳಿದ್ದು ಅತ್ತೆ," ಎಂದೆ. ಊಟ ಮಾಡಿ ಬಂದೆವು. ನಟ್ಟು ಬೆಣ್ಣೆಯಂತೆ ಬಿಚ್ಚಿತು. ಅತ್ತೆ ಏನೂ ನಡೆದೇ ಇಲ್ಲವೆನ್ನುವಂತೆ ಟ್ಯಾಂಕಿನ ಮುಚ್ಚಳದ ಪಾಠ ಶುರುಮಾಡಿದರು. ಮುಚ್ಚಳದಲ್ಲಿ ಒಂದು ಸಣ್ಣ ತೂತಿರುತ್ತದೆ. ಅದರಿಂದ ಗಾಳಿ ಒಳಗೆ ಬರದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಹದಿನೆಂಟು ವರ್ಷ ಕರಡು ತಿದ್ದಿದವನಿಗೆ ಇಷ್ಟು ಸಣ್ಣ ತೂತು ಕಂಡಿರಲಿಲ್ಲ.

ಡಬ್ಬಿಗಳೆಲ್ಲ ಮತ್ತೆ ಮೊದಲಿನಂತಾದವು. ಅಕ್ಷರಮಾಲೆ ಇಲ್ಲಿ ಕೆಲಸಕ್ಕೆ ಬಾರದು.

ಏಪ್ರಿಲ್ 4, ಶುಕ್ರವಾರ

ಮಧ್ಯಾಹ್ನ ಎರಡಕ್ಕೆ ನರ್ಸಮ್ಮನ ಬೈಕು ಬಂದ ಸದ್ದು ಬೀದಿಯ ಆ ತುದಿಯಿಂದಲೇ ಕೇಳಿತು. ಇಂಜಿನ್ನಿನ ಬಾಯಲ್ಲಿ ಫಟ್ ಫಟ್ ಎಂದು ಹೊಗೆ ಸೋರುತ್ತಿತ್ತು. ಗ್ಯಾಸ್ಕೆಟ್ ಹೋಗಿದೆ ಎಂದೆ. ಅತ್ತೆ ನನ್ನನ್ನು ನೋಡಿದಳು.

"ಗುಡ್ಡದ ಮೇಲೆ ಒಬ್ಬಳಿಗೆ ನೋವು ಶುರುವಾಗಿದೆ," ಎಂದರು ನರ್ಸಮ್ಮ. "ಬೇರೆ ಗಾಡಿ ಸಿಗ್ಲಿಲ್ಲ. ಅರ್ಧ ಗಂಟೇಲಿ ಆಗುತ್ತಾ?" ಕೇಳಿದ್ದು ಅತ್ತೆಯನ್ನು. ಅತ್ತೆ ಗದ್ದದಲ್ಲಿ ನನ್ನ ಕಡೆ ತೋರಿಸಿದಳು.

ನರ್ಸಮ್ಮ ಸ್ಟೂಲು ಎಳೆದುಕೊಂಡು ನನ್ನ ಎದುರಿಗೇ ಕೂತರು. ಹಳೆಯ ಗ್ಯಾಸ್ಕೆಟ್ ಬಳೆ ಕಿತ್ತೆ, ಹೊಸದಿಟ್ಟೆ, ಮುಂದಿನ ಎರಡು ನಟ್ಟು ಒಂದು ಸುತ್ತು ಇದು, ಒಂದು ಸುತ್ತು ಅದು ಎಂದು ಸಮವಾಗಿ ಬಿಗಿಮಾಡಿ, ಕೊನೆಗೆ ಹಿಂದಿನ ಬೋಲ್ಟು ಬಿಗಿಮಾಡಿದೆ. ಇನ್ನೂ ಸೋರುತ್ತಿದೆಯೇ ನೋಡಲು ಸೋಪಿನ ನೀರು ಸವರಿ ಸ್ಟಾರ್ಟ್ ಮಾಡಿದೆ. ಒಂದು ಗುಳ್ಳೆ ಏಳಲಿಲ್ಲ. ಇಪ್ಪತ್ತೈದು ನಿಮಿಷ.

"ಹತ್ತಿ," ಎಂದರು ನರ್ಸಮ್ಮ.

"ಯಾರು?"

"ನೀವೇ. ಹಿಂದೆ ಕೂತ್ಕೊಳ್ಳಿ. ನಿಂತ್ರೆ ನೀವೇ ತಳ್ಳಿ."

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹೀಗೆ ಗ್ಯಾರಂಟಿ ಕಾರ್ಡಿನಂತೆ ಒಯ್ದಿರಲಿಲ್ಲ. ತೊಡೆಯ ಮೇಲೆ ಹೆರಿಗೆಯ ಚೀಲ ಇಟ್ಟುಕೊಂಡು ಕೂತೆ. ಒಂದು ತಿರುವು, ಎರಡು ತಿರುವು, ಸದ್ದು ಹದವಾಗಿತ್ತು. ಮೂರನೆಯ ತಿರುವಿನಲ್ಲಿ ಬೈಕು ಒಮ್ಮೆ ತೇಗಿ ನಿಂತೇಹೋಯಿತು.

ನರ್ಸಮ್ಮ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಆ ನೋಟವನ್ನು ಇಲ್ಲಿ ಬರೆಯಲಾರೆ.

ಇಳಿದು ಬೈಕಿನ ಪಕ್ಕ ಕುಕ್ಕರಿಸಿದೆ. ಪೆಟ್ರೋಲ್ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು, ದಾರಿ ಹಿಡಿದು ನೋಡು ಎನ್ನುತ್ತಾಳೆ ಅತ್ತೆ. ಕಾರ್ಬುರೇಟರ್ ಬಟ್ಟಲು ಖಾಲಿ. ಪೈಪು ನೆಟ್ಟಗಿದೆ. ಟ್ಯಾಪು ತೆರೆದಿದೆ. ಟ್ಯಾಂಕು ತಟ್ಟಿ ನೋಡಿದೆ, ಭರ್ತಿ. ಹಾಗಾದರೆ ಯಾಕೆ ಇಳಿಯುತ್ತಿಲ್ಲ? ಮುಚ್ಚಳ ತಿರುಗಿಸಿದೆ. 'ಉಸ್ಸ್' ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಕೆಳಗೆ ನಾಲ್ಕು ಮಡಿಕೆ ಪ್ಲಾಸ್ಟಿಕ್ ಹಾಳೆ.

"ಇದ್ಯಾರು ಹಾಕಿದ್ದು?"

"ನಾನೇ," ಎಂದರು ನರ್ಸಮ್ಮ, ದನಿ ಸ್ವಲ್ಪ ಇಳಿಸಿ. "ಅವತ್ತು ನಿಂತ್ಮೇಲೆ ಭಯಕ್ಕೆ ಕಂಠಪೂರ್ತಿ ತುಂಬಿಸ್ತೀನಿ. ಮೊನ್ನೆಯಿಂದ ತುಳುಕಿ ಚೀಲಕ್ಕೆಲ್ಲ ವಾಸನೆ. ಅದಕ್ಕೆ ಇವತ್ತು ಬೆಳಿಗ್ಗೆ..."

"ಟ್ಯಾಂಕಿಗೂ ಉಸಿರು ಬೇಕು ನರ್ಸಮ್ಮ. ನೀವು ಅದರ ಮೂಗು ಮುಚ್ಚಿದೀರ."

ಪ್ಲಾಸ್ಟಿಕ್ ಕಿತ್ತೆಸೆದೆ. ಎರಡು ಒದೆತಕ್ಕೆ ಹೊರಟಿತು. ಮನೆಯ ಮುಂದೆ ಇಳಿದಾಗ ನರ್ಸಮ್ಮ, "ಚೀಲ ಕೊಡಿ ಮೇಸ್ತ್ರಿ," ಎಂದರು.

ನಾನು ಅಂಗಳದಲ್ಲಿ, ಅಪ್ಪನಾಗಲಿದ್ದವನ ಜೊತೆ ಕಾದೆ. ಅವನು ಗಾಬರಿ ತಡೆಯಲಾಗದೆ, ಏನಾದರೂ ಮಾತಾಡಿ ಎಂದ. ನನಗೆ ತಿಳಿದದ್ದೇ ಮಾತಾಡಿದೆ. ಜೆಟ್ಟಿಗೆ ಯಾಕೆ ತಂತಿ ಹಾಕಬಾರದೆಂದು ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಅಳು ಕೇಳಿತು. ಅವನು ನನ್ನನ್ನು ತಬ್ಬಿಕೊಂಡ. ಅವನ ಅಂಗಿಗೆ ಗ್ರೀಸಾಯಿತು. ಗಂಡೋ ಹೆಣ್ಣೋ ಕೇಳುವುದು ಮರೆತು ಬಂದೆ.

ಅತ್ತೆಗೆ ಎಲ್ಲ ಹೇಳಿದೆ. "ಮುಚ್ಚಳ ಮೊದಲೇ ನೋಡ್ಬೇಕಿತ್ತು, ಪೆದ್ದ," ಎಂದಳು. ಆಮೇಲೆ ಇನ್ನೊಂದು ಲೋಟ ಟೀ ಕೊಟ್ಟಳು.

ಏಪ್ರಿಲ್ 11, ಶುಕ್ರವಾರ

ಹೊಸದೊಂದು ಪ್ರೆಸ್ಸಿನಿಂದ ಕಾಗದ ಬಂದಿತ್ತು. ಕರಡು ತಿದ್ದುವವರು ಬೇಕು, ಬೆಳಗಿನ ನಾಲ್ಕು ಗಂಟೆಗಳ ಕೆಲಸ. ಅತ್ತೆಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿ, ಇಂದು ಬೆಳಿಗ್ಗೆ ಎಲ್ಲ ಒಪ್ಪಿಕೊಂಡೆ. ರಜೆ ಇಲ್ಲ, ಪ್ರೆಸ್ಸೇ ಇಲ್ಲ ಎಂದೆ.

"ಮುಚ್ಚಿದ ದಿನಾನೇ ಗೊತ್ತಿತ್ತು. ನಿಮ್ಮ ಯಜಮಾನನ ಗಾಡಿ ಯಾರ ಹತ್ರ ಬರುತ್ತೆ ಅನ್ಕೊಂಡೆ?"

"ಮತ್ತೆ ಕೇಳ್ಲೇ ಇಲ್ಲ?"

"ಹೇಳೋಕೆ ನಿಂಗೆ ನಾಚಿಕೆ, ಕೇಳೋಕೆ ನಂಗೆ ಸಂಕೋಚ. ಹೋಗ್ಬಾ. ಮಧ್ಯಾಹ್ನದ ಹೊತ್ತಿಗೆ ಬಂದ್ಬಿಡು, ಎರಡು ಸೈಲೆನ್ಸರ್ ಇದೆ."

ಅವಳ ಮನಸ್ಸು ಹಗುರವಿದ್ದಾಗಲೇ ಕೈಪಿಡಿಯ 'ದ'ಕಾರದ ವಿಷಯವನ್ನೂ ಹೇಳಿಬಿಟ್ಟೆ. ನಕ್ಕು ನಕ್ಕು ಪ್ಲಾಸ್ಟರ್ ಕೈ ಮೇಜಿಗೆ ಬಡಿದುಕೊಂಡು ಅತ್ತಳು, ಅಳುತ್ತಲೇ ಮತ್ತೆ ನಕ್ಕಳು.

ಹೊಸ ಪ್ರೆಸ್ಸಿನ ಯಜಮಾನರು ಪರೀಕ್ಷೆಗೆಂದು ನಾಲ್ಕು ಪುಟ ಕೊಟ್ಟರು. ತಿದ್ದಿದೆ. ಮೂರನೆಯ ಪುಟದ ಅಂಚಿನಲ್ಲಿ ಹೆಬ್ಬೆರಳಿನ ಕಪ್ಪು ಗುರುತು ಬಿತ್ತು. "ಇದು ಯಾವ ಚಿಹ್ನೆ?" ಎಂದರು. ಚಿಹ್ನೆಯಲ್ಲ, ಸೈಲೆನ್ಸರ್ ಮಸಿ ಎಂದೆ. ಅವರು ಬಾಗಿಲು ಮುಂದೆ ಮಾಡಿ, "ನನ್ನ ಗಾಡಿ ಬೆಳಿಗ್ಗೆ ಬಹಳ ಕೆಮ್ಮುತ್ತೆ, ಸ್ವಲ್ಪ ನೋಡ್ತೀರಾ?" ಎಂದರು. ಸೋಮವಾರದಿಂದ ಕೆಲಸಕ್ಕೆ ಬರಬೇಕಂತೆ. ಗಾಡಿಯನ್ನು ನಾಳೆಯೇ ತರುತ್ತಾರಂತೆ.

ಏಪ್ರಿಲ್ 14, ಸೋಮವಾರ

ಹೊಸ ಕೆಲಸದ ಮೊದಲ ದಿನ. ಮಧ್ಯಾಹ್ನ ಅತ್ತೆಯ ಪ್ಲಾಸ್ಟರ್ ಬಿಚ್ಚಿಸಿದೆವು. ಕೈ ಸಣ್ಣಗಾಗಿದೆ, ಮುಷ್ಟಿ ಬಿಗಿಯಾಗುವುದಿಲ್ಲ. ಸ್ಪ್ಯಾನರ್ ಹಿಡಿಯಲು ಹೋಗಿ ಬೀಳಿಸಿದಳು. ನಾನು ಎತ್ತಿಕೊಡಲಿಲ್ಲ, ಅವಳೇ ಎತ್ತಿಕೊಳ್ಳುವವರೆಗೆ ಬೇರೆಡೆ ನೋಡುತ್ತಿದ್ದೆ.

ಏಪ್ರಿಲ್ 20, ಭಾನುವಾರ

ಹೆಂಡತಿ ಬಂದಳು. ಬರುವ ಹೊತ್ತು ಹೇಳಿರಲಿಲ್ಲ. ನಾನು ಬೈಕಿನ ಕೆಳಗೆ ಮಲಗಿ ಸೈಲೆನ್ಸರ್ ಕ್ಲಾಂಪು ಹಾಕುತ್ತಿದ್ದೆ, ಅತ್ತೆ ಮೇಲಿನಿಂದ ಟಾರ್ಚು ಹಿಡಿದಿದ್ದಳು.

"ಲೋ, ಎಡಕ್ಕೋ! ಎಡಕ್ಕೆ ಅಂದ್ರೆ ಎಡಕ್ಕೆ, ಕತ್ತೆ!"

"ಎಡಕ್ಕೇ ತಿರುಗಿಸ್ತಿದೀನಿ ಅತ್ತೆ. ನೀನು ಮೊದಲು ಟಾರ್ಚು ನೆಟ್ಟಗೆ ಹಿಡಿ, ನನ್ನ ಕಣ್ಣಿಗೆ ಬಿಡ್ತಿದೀಯ!"

ಬಾಗಿಲಲ್ಲಿ ಏನೋ ದೊಪ್ಪೆಂದು ಬಿತ್ತು. ಹೆಂಡತಿಯ ಪೆಟ್ಟಿಗೆ.

"ನಿಮ್ಮಿಬ್ಬರಿಗೂ ಏನಾಗಿದೆ?" ಎಂದಳು. "ಅಮ್ಮ, ಅವರನ್ನ ಲೋ ಅಂತಿದೀಯಲ್ಲ!"

"ಯಾರನ್ನ?" ಎಂದಳು ಅತ್ತೆ.

"ಇವರನ್ನ! ನಿನ್ನ ಅಳಿಯನ್ನ! ಮತ್ತೆ ನೀವು, ಅಮ್ಮನಿಗೆ ನೀನು ಅಂತೀರಾ?"

"ನಾನಾ? ಯಾವಾಗ?" ಎಂದೆ. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ನಿಜವಾಗಿ ನೆನಪಾಗಲಿಲ್ಲ.

ಹೆಂಡತಿ ಸ್ಟೂಲಿನ ಮೇಲೆ ಕೂತು ನಗತೊಡಗಿದಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡಳು. ಆಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು. "ಅಪ್ಪ ಇದ್ದಾಗ ಈ ಶೆಡ್ಡಲ್ಲಿ ಇದೇ ಕಿರುಚಾಟ. ಅಪ್ಪ ಹೋದ್ಮೇಲೆ ಇಲ್ಲಿ ಅಮ್ಮ ಜೋರಾಗಿ ಮಾತಾಡಿದ್ದೇ ನಾನು ಕೇಳಿಲ್ಲ," ಎಂದಳು. ಅತ್ತೆ ಟಾರ್ಚನ್ನು ಬೇರೆ ಕಡೆ ತಿರುಗಿಸಿದಳು, ಅಲ್ಲಿ ನೋಡಬೇಕಾದ್ದೇನೂ ಇಲ್ಲದಿದ್ದರೂ.

ಈಗ ಈ ದಿನಚರಿಯನ್ನು ಮೊದಲಿನಿಂದ ಓದಿದೆ, ಕರಡು ತಿದ್ದುವವನ ಕಣ್ಣಿನಿಂದಲೇ. ಹೆಂಡತಿ ಹೇಳಿದ್ದು ನಿಜ. ಒಬ್ಬರೇ ವ್ಯಕ್ತಿಗೆ ಮೊದಲು 'ಎಂದರು', ಆಮೇಲೆ 'ಎಂದಳು'. ಬರಹದುದ್ದಕ್ಕೂ ಒಂದೇ ರೂಪ ಇರಬೇಕೆಂಬುದು ನಮ್ಮ ಕಸುಬಿನ ಮೊದಲ ನಿಯಮ. ಪೆನ್ನು ಕೈಯಲ್ಲೇ ಇತ್ತು.

ಹಾಗೇ ಬಿಟ್ಟೆ.